ಸೋತದ್ದು ಕಡಲಲ್ಲ



ಕಳೆದ ತಿಂಗಳು ಒಂದು ಭಾನುವಾರ ರಾತ್ರಿ, ಹೋಟೆಲುಗಳ ಬಾಗಿಲು ಬಿದ್ದ ಮೇಲೆ, ಸಂಘದ ಕೋಣೆಯಲ್ಲಿ ಏಳೆಂಟು ಜನ ಕುಳಿತಿದ್ದೆವು. ವಡೆ ಕಟ್ಟಿಕೊಂಡು ಬಂದ ಹಳೆಯ ಪತ್ರಿಕೆಯ ತುಂಡನ್ನು ಬಿಡಿಸಿ ಒಬ್ಬ ಹುಡುಗ ಗಟ್ಟಿಯಾಗಿ ಓದಿದನು: ಮುಂಬಯಿಯ ಕಡಲಿನ ತೆರೆಗಳಿಂದ ವಿದ್ಯುತ್ತನ್ನು ತೆಗೆಯುವ ಸಲುವಾಗಿ ಭಾರತ್ ಪೆಟ್ರೋಲಿಯಂ ಸಂಸ್ಥೆಯು ಇಸ್ರೇಲಿನ ಒಂದು ಕಂಪನಿಯೊಡನೆ ಒಪ್ಪಂದ ಮಾಡಿಕೊಂಡಿದೆ ಎಂದು. ೨೦೨೫ರ ಫೆಬ್ರವರಿಯ ಸುದ್ದಿ ಅದು.

ಕೇಳಿದವರೆಲ್ಲ ನಕ್ಕರು. ಆ ನಗುವಿನಲ್ಲಿ ಎರಡು ಬಗೆ ಇತ್ತು. ಗಿರಣಿಯಲ್ಲಿ ದುಡಿದು ಈಗ ಮನೆಯಲ್ಲಿರುವ ಹಿರಿಯರೊಬ್ಬರು, “ತೆರೆಯಿಂದ ಕರೆಂಟು ಬರುವುದಾಗಿದ್ದರೆ ನಮ್ಮ ಅಜ್ಜಂದಿರು ಚಿಮಣಿ ದೀಪದ ಮುಂದೆ ಏಕೆ ಕೂರುತ್ತಿದ್ದರು?” ಎಂದರು. ಕೌಂಟರಿನಲ್ಲಿ ಕೆಲಸ ಮಾಡುವ ತರುಣನೊಬ್ಬನು, “ಹೊರದೇಶದವರ ತಲೆಯೇ ತಲೆ ನೋಡಿ. ನಮ್ಮವರಿಗೆ ಇಂಥದು ಎಲ್ಲಿ ಹೊಳೆಯಬೇಕು?” ಎಂದನು.

ಈ ಎರಡು ಮಾತುಗಳೂ ಸುಳ್ಳು. ತೆರೆಯಿಂದ ವಿದ್ಯುತ್ ಬರುತ್ತದೆ, ಬಂದದ್ದೂ ಆಗಿದೆ. ಅದನ್ನು ನಮ್ಮ ದೇಶದವರೇ, ನಮ್ಮ ಪಕ್ಕದ ಕೇರಳದ ಕಡಲಿನಲ್ಲೇ, ೧೯೯೧ರಲ್ಲಿಯೇ ತೆಗೆದು ತೋರಿಸಿದ್ದಾರೆ. ಆಮೇಲೆ ಅದನ್ನು ಕೈಬಿಟ್ಟಿದ್ದಾರೆ. ಕೈಬಿಟ್ಟುದನ್ನು ಮರೆತಿದ್ದಾರೆ. ಮರೆತುದನ್ನು ಈಗ ಹೊರಗಿನಿಂದ ತರಿಸಲು ಹೊರಟಿದ್ದಾರೆ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ! ಅಂದು ಕೋಣೆಯಲ್ಲಿ ನಾನು ಆಡಿದ ಮಾತನ್ನೇ ಇಲ್ಲಿ ತುಸು ವಿವರಿಸಿ ಬರೆಯುತ್ತಿದ್ದೇನೆ.

ನಾನು ಓದಿದ್ದು ಏಳನೆಯ ತರಗತಿ. ಇಂಜಿನಿಯರನಲ್ಲ. ಕುಂದಾಪುರದ ಕಡೆಯ ಕಡಲ ದಂಡೆಯಿಂದ ಈ ಶಹರಕ್ಕೆ ಬಂದು, ಗ್ಲಾಸು ತೊಳೆದು, ಮೇಜು ಒರಸಿ, ಕೊನೆಗೆ ಸಂಘದ ಕೆಲಸಕ್ಕೆ ಬಿದ್ದವನು. ಆದರೆ ಗ್ಲಾಸು ತೊಳೆದವನಿಗೆ ಈ ಯಂತ್ರ ಇಂಜಿನಿಯರನಿಗಿಂತ ಬೇಗ ತಿಳಿಯುತ್ತದೆ ಎಂದು ಧೈರ್ಯವಾಗಿ ಹೇಳುತ್ತೇನೆ.

ತೊಳೆಯುವ ಟಬ್ಬಿನಲ್ಲಿ ನೀರು ತುಂಬಿದೆ ಎಂದು ತಿಳಿಯಿರಿ. ಒಂದು ಗ್ಲಾಸನ್ನು ಬೋರಲು ಮಾಡಿ ನೀರಿಗೆ ಒತ್ತಿರಿ. ಒಳಗಿನ ಗಾಳಿ ಕೈಯನ್ನು ಮೇಲಕ್ಕೆ ತಳ್ಳುತ್ತದೆ. ಇದನ್ನು ನಾವೆಲ್ಲರೂ ದಿನಕ್ಕೆ ಸಾವಿರ ಸಲ ಕಂಡಿದ್ದೇವೆ. ಆ ಗ್ಲಾಸಿನ ತಳದಲ್ಲಿ ಒಂದು ತೂತು ಇದ್ದರೆ? ಒತ್ತಿದಾಗ ಗಾಳಿ ಬುಸ್ಸೆಂದು ಹೊರಗೆ ಹೋಗುತ್ತದೆ. ಎತ್ತಿದಾಗ ಬುಸ್ಸೆಂದು ಒಳಗೆ ಬರುತ್ತದೆ. ಈಗ ಗ್ಲಾಸನ್ನು ಅಲುಗದಂತೆ ನಿಲ್ಲಿಸಿ, ನೀರೇ ಏರಿ ಇಳಿಯುವಂತೆ ಮಾಡಿರಿ. ಅದೇ ತೆರೆಯ ವಿದ್ಯುತ್ ಸ್ಥಾವರ! ಗ್ಲಾಸಿನ ಬದಲು ಮನೆಯಷ್ಟು ದೊಡ್ಡ ಕಾಂಕ್ರೀಟು ಕೋಣೆ. ಅದರ ಬಾಯಿ ನೀರಿನ ಕೆಳಗೆ ಕಡಲಿಗೆ ತೆರೆದಿರುತ್ತದೆ. ತೆರೆ ಏರಿದಾಗ ಒಳಗಿನ ಗಾಳಿ ಮೇಲಿನ ಕೊಳವೆಯಿಂದ ಹೊರಕ್ಕೆ ನುಗ್ಗುತ್ತದೆ, ಇಳಿದಾಗ ಒಳಕ್ಕೆ ನುಗ್ಗುತ್ತದೆ. ಕೊಳವೆಯಲ್ಲಿ ಒಂದು ಚಕ್ರ, ಚಕ್ರಕ್ಕೆ ಜೋಡಿಸಿದ ವಿದ್ಯುಜ್ಜನಕ. ಇಷ್ಟೇ.

ಒಂದೇ ಒಂದು ತೊಡಕು ಇತ್ತು. ಗಾಳಿ ಒಮ್ಮೆ ಹೊರಗೆ, ಒಮ್ಮೆ ಒಳಗೆ ಬೀಸಿದರೆ ಸಾಮಾನ್ಯ ಚಕ್ರ ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ತಿರುಗಿ ಕೊನೆಗೆ ನಿಂತುಬಿಡುತ್ತದೆ. ಬೆಲ್‌ಫಾಸ್ಟಿನ ವಿಶ್ವವಿದ್ಯಾಲಯದ ಆಲನ್ ವೆಲ್ಸ್ ಎಂಬ ಪ್ರಾಧ್ಯಾಪಕರು ೧೯೭೦ರ ದಶಕದಲ್ಲಿ ಈ ತೊಡಕನ್ನು ಬಿಡಿಸಿದರು. ಗಾಳಿ ಯಾವ ಕಡೆಯಿಂದ ಬೀಸಿದರೂ ಒಂದೇ ದಿಕ್ಕಿಗೆ ತಿರುಗುವ ಚಕ್ರವನ್ನು ಅವರು ರೂಪಿಸಿದರು. ಅವರಿಗಿಂತ ಮೊದಲೇ ಜಪಾನಿನ ಯೊಶಿಯೊ ಮಸುದಾ ಎಂಬವರು ಕಡಲಿನಲ್ಲಿ ಹಡಗುಗಳಿಗೆ ದಾರಿ ತೋರಿಸುವ ತೇಲುದೀಪಗಳನ್ನು ತೆರೆಯ ಗಾಳಿಯಿಂದಲೇ ಉರಿಸಿದ್ದರು. ೧೯೬೫ರಿಂದ ಅವು ಮಾರಾಟಕ್ಕೂ ಬಂದವು. ಆದುದರಿಂದ “ಇದು ಆಗದ ಮಾತು” ಎನ್ನುವವರು ಅರವತ್ತು ವರ್ಷ ತಡವಾಗಿ ಮಾತಾಡುತ್ತಿದ್ದಾರೆ.

ಇನ್ನು ನಮ್ಮ ಕಥೆಗೆ ಬರೋಣ.

ತಿರುವನಂತಪುರದ ದಕ್ಷಿಣಕ್ಕೆ ವಿಳಿಂಜಂ ಎಂಬ ಮೀನುಗಾರರ ಊರಿದೆ. ಮದ್ರಾಸಿನ ಐ.ಐ.ಟಿ.ಯ ವಿಜ್ಞಾನಿಗಳು ೧೯೮೦ರ ದಶಕದಲ್ಲಿ ಕೇಂದ್ರ ಸರಕಾರದ ಸಾಗರಾಭಿವೃದ್ಧಿ ಇಲಾಖೆಯ ಹಣದಿಂದ ಕೆಲಸಕ್ಕೆ ತೊಡಗಿ, ಆ ಊರಿನ ಬಂದರಿನ ಅಲೆತಡೆ ಗೋಡೆಯ ಬಳಿ ಸುಮಾರು ೩,೦೦೦ ಟನ್ ತೂಕದ ಕಾಂಕ್ರೀಟು ಕೋಣೆಯೊಂದನ್ನು ನೀರಿಗಿಳಿಸಿದರು. ೧೯೯೧ರಲ್ಲಿ ಅದು ವಿದ್ಯುತ್ತನ್ನು ಕೊಡತೊಡಗಿತು. ಅದರ ಸಾಮರ್ಥ್ಯ ೧೫೦ ಕಿಲೋವಾಟ್. ಪೂರ್ಣ ವೇಗದಲ್ಲಿ ಓಡಿದಾಗ ೧೦ ವಾಟಿನ ಬಲ್ಬುಗಳನ್ನು ೧೫,೦೦೦ ಉರಿಸುವಷ್ಟು. ಜಗತ್ತಿನಲ್ಲಿ ಆ ಹೊತ್ತಿಗೆ ಇಂಥ ಸ್ಥಾವರಗಳನ್ನು ಬೆರಳಲ್ಲಿ ಎಣಿಸಬಹುದಾಗಿತ್ತು. ಅವುಗಳಲ್ಲಿ ಒಂದು ನಮ್ಮದು! ಕಾಂಕ್ರೀಟು ಕಲಸಿದವರು ನಮ್ಮ ಜನ, ಕಬ್ಬಿಣ ಕಟ್ಟಿದವರು ನಮ್ಮ ಜನ.

ಆಮೇಲೆ ೧೯೯೩ರಲ್ಲಿ ಚೆನ್ನೈಯಲ್ಲಿ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಹುಟ್ಟಿತು. ೨೦೦೪ರಲ್ಲಿ ಅದೇ ವಿಳಿಂಜಂ ಸ್ಥಾವರದ ವಿದ್ಯುತ್ತಿನಿಂದ ಕಡಲಿನ ಉಪ್ಪುನೀರನ್ನು ಕುಡಿಯುವ ನೀರಾಗಿ ಮಾಡಿ ತೋರಿಸಿದರು. ದಿನಕ್ಕೆ ೧೦,೦೦೦ ಲೀಟರ್ ಮಾಡಬಲ್ಲ ಯಂತ್ರ. ದಂಡೆಯ ಊರುಗಳವರೇ, ಇದರ ಬೆಲೆ ನಿಮಗೆ ಗೊತ್ತು. ಎದುರಿಗೆ ಸಮುದ್ರ, ಬಾವಿಯಲ್ಲಿ ಉಪ್ಪು. ಬೇಸಗೆಯಲ್ಲಿ ಕೊಡ ಹಿಡಿದು ಮೈಲು ನಡೆದ ಅಮ್ಮಂದಿರ ಮಕ್ಕಳಲ್ಲವೆ ನಾವು?

ಮುಂದೇನಾಯಿತು? ಮುಂದೆ ಏನೂ ಆಗಲಿಲ್ಲ. ಕೊಲ್ಲಂ ಬಳಿಯ ತಂಗಶ್ಶೇರಿಯಲ್ಲಿ ಇಂಥ ಕೋಣೆಗಳ ಸಾಲನ್ನೇ ಕಟ್ಟಿ ೧.೧ ಮೆಗಾವಾಟ್ ತೆಗೆಯುವ ಯೋಜನೆಯನ್ನು ಬರೆದರು. ಅದು ಕಾಗದದಿಂದ ನೀರಿಗಿಳಿಯಲಿಲ್ಲ. ವಿಳಿಂಜಂ ಕೋಣೆಗೆ ತಮ್ಮ ಹುಟ್ಟಲಿಲ್ಲ, ತಂಗಿ ಹುಟ್ಟಲಿಲ್ಲ. ೨೦೧೧ರಲ್ಲಿ ಅದರ ಕೆಲಸವನ್ನು ನಿಲ್ಲಿಸಿದರು. ೨೦೨೨ರ ನವೆಂಬರಿನಲ್ಲಿ ಮದ್ರಾಸಿನ ಅದೇ ಐ.ಐ.ಟಿ.ಯ ಹೊಸ ತಲೆಮಾರಿನವರು ತೂತ್ತುಕುಡಿಯ ತೀರದಿಂದ ೬ ಕಿಲೋಮೀಟರ್ ದೂರದಲ್ಲಿ ‘ಸಿಂಧುಜಾ’ ಎಂಬ ತೇಲುಯಂತ್ರವನ್ನು ಇಳಿಸಿ ಪರೀಕ್ಷಿಸಿದರು. ಅದರ ಸಾಮರ್ಥ್ಯ ಎಷ್ಟು? ೧೦೦ ವಾಟ್. ಕಿಲೋವಾಟ್ ಅಲ್ಲ ಸ್ವಾಮೀ, ಬರೀ ವಾಟ್! ಆ ತರುಣರನ್ನು ನಾನು ಹಳಿಯುತ್ತಿಲ್ಲ. ಅವರ ಯಂತ್ರ ಬೇರೆ ಬಗೆಯದು, ಆಳ ನೀರಿನಲ್ಲಿ ತೇಲುವಂಥದು. ಚಿಕ್ಕದರಿಂದಲೇ ಮೊದಲು ಮಾಡಬೇಕು. ಆದರೆ ದೇಶವನ್ನು ಕೇಳುತ್ತೇನೆ: ೧೯೯೧ರಲ್ಲಿ ೧೫೦ ಕಿಲೋವಾಟ್ ತೆಗೆದವರ ಮೊಮ್ಮಕ್ಕಳು ೨೦೨೨ರಲ್ಲಿ ಅದರ ೧,೫೦೦ರಲ್ಲಿ ಒಂದು ಪಾಲಿನಿಂದ ಮತ್ತೆ ಒಂದನೆಯ ತರಗತಿಗೆ ಸೇರಬೇಕಾದದ್ದು ಏಕೆ? ನಡುವಿನ ಮೂವತ್ತು ವರ್ಷ ಎಲ್ಲಿ ಹೋಯಿತು?

ನಾನು ಕೆಲಸ ಮಾಡಿದ ಹೋಟೆಲೊಂದರಲ್ಲಿ ಮಾಲಿಕನು ಹಿಟ್ಟು ರುಬ್ಬುವ ವಿದ್ಯುತ್ ಯಂತ್ರವನ್ನು ತಂದನು. ನಾಲ್ಕು ತಿಂಗಳು ಚೆನ್ನಾಗಿ ಓಡಿತು. ಬೆಲ್ಟು ಸವೆದಾಗ ಹೊಸ ಬೆಲ್ಟಿಗೆ ಹಣ ಕೊಡಲಿಲ್ಲ. ಎಣ್ಣೆ ಹಾಕುವುದನ್ನು ಒಬ್ಬ ಹುಡುಗನಿಗೆ ಕಲಿಸಿರೆಂದು ಕೇಳಿದರೆ, “ಅದಕ್ಕೆ ಬೇರೆ ಪಗಾರ ಕೊಡಬೇಕೇ?” ಎಂದನು. ಯಂತ್ರ ನಿಂತಿತು. ಮಾಲಿಕನು ಅದನ್ನು ಗುಜರಿಗೆ ಹಾಕಿ, “ಯಂತ್ರದ ಹಿಟ್ಟು ಉಬ್ಬುವುದಿಲ್ಲ, ಕೈಯಲ್ಲಿ ರುಬ್ಬಿದ್ದೇ ಸರಿ” ಎಂದು ಊರಿಗೆಲ್ಲ ಸಾರಿದನು. ಮತ್ತೆ ರುಬ್ಬುಗುಂಡಿಗೆ ಕೈ ಕೊಟ್ಟವರು ನಾವು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ತೆರೆಯ ವಿದ್ಯುತ್ತಿನ ವಿಷಯದಲ್ಲಿ ಡೊಂಕು ಎನಿಸಿಕೊಂಡದ್ದು ಕಡಲು.

ಈ ಬುದ್ಧಿ ನಮ್ಮ ದೇಶದ್ದು ಮಾತ್ರವಲ್ಲ ಎಂಬುದನ್ನೂ ಹೇಳಬೇಕು. ೧೯೭೩ರಲ್ಲಿ ಎಣ್ಣೆಯ ಬೆಲೆ ಹಾರಿದಾಗ ಬ್ರಿಟನ್ನಿಗೆ ಒಮ್ಮೆಗೇ ಕಡಲಿನ ನೆನಪಾಯಿತು. ಎಡಿನ್‌ಬರೋ ವಿಶ್ವವಿದ್ಯಾಲಯದ ಸ್ಟೀಫನ್ ಸಾಲ್ಟರ್ ಎಂಬವರು ತೆರೆಯ ಮೇಲೆ ತಲೆದೂಗುವ ಒಂದು ಯಂತ್ರವನ್ನು ಮಾಡಿ, ಅದಕ್ಕೆ ‘ಬಾತುಕೋಳಿ’ ಎಂಬ ಹೆಸರು ಬಂದು, ೧೯೭೪ರಲ್ಲಿ ಜಗತ್ತಿಗೆಲ್ಲ ಸುದ್ದಿಯಾಯಿತು. ಸರಕಾರ ಹಣ ಕೊಟ್ಟಿತು. ಎಣ್ಣೆಯ ಆತಂಕ ಇಳಿಯುತ್ತಲೇ, ೧೯೮೨ರಲ್ಲಿ, ಆ ಹಣವನ್ನು ಬಹುಪಾಲು ನಿಲ್ಲಿಸಿತು. ಕಾರಣ? “ಯೂನಿಟ್ಟಿಗೆ ಬೀಳುವ ವೆಚ್ಚ ಹೆಚ್ಚು.” ಆ ವೆಚ್ಚದ ಲೆಕ್ಕವನ್ನು ನೋಡಿಕೊಂಡ ಕಚೇರಿ ಇದ್ದದ್ದು ಎಲ್ಲಿ? ಬ್ರಿಟನ್ನಿನ ಅಣುಶಕ್ತಿ ಪ್ರಾಧಿಕಾರದೊಳಗೆ, ಹಾರ್ವೆಲ್ ಎಂಬಲ್ಲಿ! ನಮ್ಮ ಹೋಟೆಲಿನ ಲಾಭನಷ್ಟವನ್ನು ಎದುರುಗಡೆಯ ಹೋಟೆಲಿನ ಗಲ್ಲಾದವನು ಬರೆದಂತೆ. ಲೆಕ್ಕ ತಪ್ಪಾಗಿತ್ತು ಎಂದು ಸಾಲ್ಟರ್ ಅವರು ದಶಕಗಳ ಕಾಲ ವಾದಿಸಿದರು, ೨೦೨೪ರಲ್ಲಿ ತೀರಿಕೊಂಡರು. ಅವರ ಬಾತುಕೋಳಿ ಪೂರ್ಣ ಗಾತ್ರದಲ್ಲಿ ಒಮ್ಮೆಯೂ ಕಡಲಿಗಿಳಿಯಲಿಲ್ಲ. ೨೦೦೧ರಲ್ಲಿ ಅದೇ ದೇಶದ ಸಂಸತ್ತಿನ ಸಮಿತಿಯೊಂದು ತೆರೆ ಮತ್ತು ಉಬ್ಬರವಿಳಿತದ ಶಕ್ತಿಗೆ ಇಷ್ಟು ಕಡಿಮೆ ಬೆಂಬಲ ಕೊಟ್ಟದ್ದು ವಿಷಾದಕರವೆಂದು ಬರೆಯಿತು. ಹತ್ತೊಂಬತ್ತು ವರ್ಷ ಕಳೆದ ಮೇಲೆ ವಿಷಾದ!

೧೯೮೨ ಎಂಬ ಇಸವಿಯನ್ನು ಓದಿದೊಡನೆ ಗಿರಣಿಯ ಬಂಧುಗಳ ಎದೆ ಝಲ್ಲೆನ್ನುವುದು ಸಹಜ. ಆ ವರ್ಷದ ಜನವರಿ ೧೮ರಿಂದ ಮುಂಬಯಿಯ ಸುಮಾರು ಎರಡೂವರೆ ಲಕ್ಷ ಗಿರಣಿ ಕಾಮಗಾರರು ಮುಷ್ಕರ ಹೂಡಿದರು. ನಾನು ಆಗ ಹುಟ್ಟಿರಲಿಲ್ಲ. ಹಿರಿಯರಿಂದ ಕೇಳಿ ಬಲ್ಲೆ. ಮುಂದೆ ಗಿರಣಿಗಳು ಒಂದೊಂದಾಗಿ ಮುಚ್ಚಿದಾಗ ಹೇಳಿದ ಮಾತೂ ಒಂದೇ: “ನಷ್ಟ.” ಆ ನೆಲದ ಮೇಲೆ ಗಾಜಿನ ಮಹಲುಗಳು ಎದ್ದುದನ್ನು ಕಂಡ ಮೇಲೆ ತಿಳಿಯಿತು, ಯಾರಿಗೆ ನಷ್ಟ, ಯಾರಿಗೆ ಲಾಭವೆಂದು. ಬಂಧುಗಳೆ, ‘ನಷ್ಟ’ ಎಂಬ ಶಬ್ದ ಕಿವಿಗೆ ಬಿದ್ದಾಗಲೆಲ್ಲ ನಾವು ಕೇಳತಕ್ಕ ಪ್ರಶ್ನೆ ಒಂದೇ. ಲೆಕ್ಕ ಬರೆದವರು ಯಾರು? ಅದರಲ್ಲಿ ಏನನ್ನು ಸೇರಿಸಿದ್ದಾರೆ, ಏನನ್ನು ಬಿಟ್ಟಿದ್ದಾರೆ?

ಹಾಗೆಂದು ನಾನು ಕಣ್ಣು ಮುಚ್ಚಿಕೊಂಡು ಜೈಕಾರ ಹಾಕುವವನಲ್ಲ. ಎದುರು ವಾದ ಮಾಡುವವರ ಮಾತಿನಲ್ಲಿ ಸತ್ಯವಿದ್ದಷ್ಟನ್ನು ಒಪ್ಪಲೇಬೇಕು.

ಕಡಲು ಯಂತ್ರವನ್ನು ಮುರಿಯುತ್ತದೆ ಎನ್ನುತ್ತಾರೆ. ನಿಜ. ನಾರ್ವೆಯಲ್ಲಿ ೧೯೮೫ರಲ್ಲಿ ಕಟ್ಟಿದ ಸ್ಥಾವರವನ್ನು ೧೯೮೮ರ ಬಿರುಗಾಳಿ ಕಿತ್ತುಹಾಕಿತು. ಇದರ ಕಾರಣವನ್ನು ತಿಳಿಯಿರಿ. ತೆರೆ ಎರಡು ಪಟ್ಟು ಎತ್ತರವಾದರೆ ಅದರ ಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಮೂರು ಪಟ್ಟಾದರೆ ಒಂಬತ್ತು, ಆರು ಪಟ್ಟಾದರೆ ಮೂವತ್ತಾರು. ದಿನನಿತ್ಯ ಒಂದು ಮೀಟರಿನ ತೆರೆಯಿಂದ ಸಂಪಾದಿಸುವ ಯಂತ್ರ, ವರ್ಷಕ್ಕೊಮ್ಮೆ ಬರುವ ಆರು ಮೀಟರಿನ ತೆರೆಯ ಹೊಡೆತವನ್ನು ತಾಳಿಕೊಳ್ಳಬೇಕು. ದಿನವೂ ಐವತ್ತು ಗಿರಾಕಿ ಬರುವ ಹೋಟೆಲಿಗೆ ಮದುವೆಯ ಸಾವಿರ ಜನಕ್ಕೆ ಆಗುವಷ್ಟು ದೊಡ್ಡ ಅಡಿಗೆಮನೆ ಕಟ್ಟಿದ ಹಾಗೆ. ವೆಚ್ಚ ಏರುವುದು ಇಲ್ಲಿಯೇ.

ಹಣ ಹಾಕಿದವರು ಮುಳುಗಿದ್ದಾರೆ ಎನ್ನುತ್ತಾರೆ. ಅದೂ ನಿಜ. ೨೦೦೮ರ ಸೆಪ್ಟೆಂಬರಿನಲ್ಲಿ ಪೋರ್ಚುಗಲಿನ ಅಗುಸಾದೌರಾ ಎಂಬಲ್ಲಿ ಹಾವಿನಂತೆ ಉದ್ದನೆಯ ಮೂರು ‘ಪೆಲಾಮಿಸ್’ ಯಂತ್ರಗಳನ್ನು ಕಡಲಿಗೆ ಬಿಟ್ಟರು, ಒಟ್ಟು ೨.೨೫ ಮೆಗಾವಾಟ್. ನವೆಂಬರಿನಲ್ಲಿ ಅವು ದಡಕ್ಕೆ ಬಂದುವು. ಬೇರಿಂಗಿನ ತೊಂದರೆ ಬಂದುದು ಹೌದು. ಆದರೆ ದುರಸ್ತಿಗೊಂಡು ಅವು ಅದೇ ಜಾಗಕ್ಕೆ ಹಿಂದಿರುಗಲಿಲ್ಲ, ಏಕೆಂದರೆ ಹಣ ಹಾಕಿದ್ದ ಆಸ್ಟ್ರೇಲಿಯದ ದೊಡ್ಡ ಕಂಪನಿಯೇ ಆ ವರ್ಷದ ಜಾಗತಿಕ ಹಣಕಾಸಿನ ಕುಸಿತದಲ್ಲಿ ಮುಳುಗಿತು. ಯಂತ್ರ ಮಾಡಿದ ಎಡಿನ್‌ಬರೋದ ಕಂಪನಿಯೂ ೨೦೧೪ರಲ್ಲಿ ದಿವಾಳಿಯೆದ್ದಿತು. ಇದರಿಂದ ನಾನು ಕಲಿಯುವ ಪಾಠ ಬೇರೆ. ಇಪ್ಪತ್ತು ವರ್ಷ ತಾಳ್ಮೆ ಬೇಡುವ ಕೆಲಸವನ್ನು ಮೂರು ತಿಂಗಳಿಗೊಮ್ಮೆ ಲಾಭ ಎಣಿಸುವವರ ಕೈಗೆ ಕೊಟ್ಟರೆ ಹೀಗೆಯೇ ಆಗುವುದು.

ಬಿಸಿಲಿನ ವಿದ್ಯುತ್ತು ಅಗ್ಗವಾಗಿರುವಾಗ ತೆರೆಯ ಗೊಡವೆ ಏಕೆ ಎನ್ನುತ್ತಾರೆ. ಬಿಸಿಲಿನ ವಿದ್ಯುತ್ತು ಅಗ್ಗವಾದುದು ಸಂತೋಷವೇ. ಅದು ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಜೂನ್ ತಿಂಗಳಲ್ಲಿ ನಮ್ಮ ಪಡುವಣ ಕರಾವಳಿಯನ್ನು ನೋಡಿರಿ. ಸೂರ್ಯ ಮೋಡದ ಹಿಂದೆ. ಯಾಂತ್ರಿಕ ದೋಣಿಗಳು ದಡದ ಮೇಲೆ. ಕಡಲು ಮಾತ್ರ ಹಗಲೂ ರಾತ್ರಿಯೂ ಮೂರು ಪಾಳಿಯಲ್ಲಿ ದುಡಿಯುತ್ತಿರುತ್ತದೆ. ಬಿಸಿಲು ಕೈಕೊಟ್ಟ ಕಾಲದಲ್ಲಿ ಕೈಹಿಡಿಯುವ ಶಕ್ತಿಯನ್ನು ಬೇಡವೆನ್ನುವುದು ಜಾಣತನವಲ್ಲ.

ಕಲ್ಲಿದ್ದಲಿನ ಲೆಕ್ಕದಲ್ಲಿ ಏನನ್ನು ಬಿಟ್ಟಿದ್ದಾರೆ ಎಂಬುದನ್ನೂ ನೋಡೋಣ. ಪಡುಬಿದ್ರೆಯ ಬಳಿ, ನಂದಿಕೂರು-ಯಲ್ಲೂರಿನಲ್ಲಿ, ೧,೨೦೦ ಮೆಗಾವಾಟಿನ ಉಷ್ಣ ಸ್ಥಾವರವಿದೆ. ಹೊರದೇಶದಿಂದ ಹಡಗಿನಲ್ಲಿ ಬಂದು ಪಣಂಬೂರಿನಲ್ಲಿ ಇಳಿಯುವ ಕಲ್ಲಿದ್ದಲನ್ನು ಉರಿಸಲೆಂದೇ ಕಟ್ಟಿದ್ದು. ಅದರ ಬೂದಿಯ ಬಗ್ಗೆ, ಹಾಳಾದ ಗದ್ದೆ ತೋಟಗಳ ಬಗ್ಗೆ ಸುತ್ತಲಿನವರ ದೂರು ಹಸಿರು ನ್ಯಾಯಮಂಡಳಿಯ ತನಕ ಹೋಯಿತು. ಆ ಸ್ಥಾವರ ಕೊಡುವಷ್ಟನ್ನು ಕೊಡಬೇಕಾದರೆ ವಿಳಿಂಜಂನಂಥ ಎಂಟು ಸಾವಿರ ಕೋಣೆಗಳು ಬೇಕು. ಅದೂ ಎಲ್ಲವೂ ಪೂರ್ಣ ವೇಗದಲ್ಲಿ ಓಡಿದರೆ. ಇದನ್ನು ನಾನು ಮುಚ್ಚಿಡುವುದಿಲ್ಲ. ತೆರೆಯ ವಿದ್ಯುತ್ತು ನಾಳೆ ಬೆಳಿಗ್ಗೆ ಕಲ್ಲಿದ್ದಲನ್ನು ಓಡಿಸುತ್ತದೆ ಎಂದು ಹೇಳುವವನು ನಿಮಗೆ ಸುಳ್ಳು ಹೇಳುತ್ತಿದ್ದಾನೆ. ಆದರೆ ಯೂನಿಟ್ಟಿನ ಬೆಲೆಯಲ್ಲಿ ಆ ಗದ್ದೆಗಳ ಬೆಲೆಯನ್ನು ಸೇರಿಸದೆ “ಕಲ್ಲಿದ್ದಲು ಅಗ್ಗ, ತೆರೆ ದುಬಾರಿ” ಎಂದು ಹೇಳುವವನೂ ಸತ್ಯವಂತನಲ್ಲ.

ಹಾಗಾದರೆ ದಾರಿ ಯಾವುದು? ದಾರಿ ಕಂಡದ್ದು ಸ್ಪೇನಿನ ಬಾಸ್ಕ್ ನಾಡಿನ ಮುತ್ರಿಕು ಎಂಬ ಪುಟ್ಟ ಬಂದರಿನಲ್ಲಿ. ಆ ಊರಿನ ದೋಣಿಗಳ ರಕ್ಷಣೆಗೆ ಹೇಗೂ ಒಂದು ಅಲೆತಡೆ ಗೋಡೆ ಬೇಕಾಗಿತ್ತು. ಅಲ್ಲಿಯ ಸರಕಾರಿ ಇಂಧನ ಸಂಸ್ಥೆಯವರು, “ಗೋಡೆಯನ್ನು ಕಟ್ಟುವುದೇ ಆದರೆ ಟೊಳ್ಳಾಗಿ ಕಟ್ಟೋಣ” ಎಂದು ಯೋಚಿಸಿ, ಗೋಡೆಯೊಳಗೇ ಕೋಣೆಗಳನ್ನಿಟ್ಟು, ಹದಿನಾರು ಚಿಕ್ಕ ಚಕ್ರಗಳನ್ನು ಕೂರಿಸಿದರು. ಒಟ್ಟು ೨೯೬ ಕಿಲೋವಾಟ್. ೨೦೧೧ರಲ್ಲಿ ಶುರುವಾಯಿತು, ನಮ್ಮವರು ವಿಳಿಂಜಂನ್ನು ನಿಲ್ಲಿಸಿದ ಅದೇ ವರ್ಷ! ಇದುವರೆಗೆ ಅದು ೨೦ ಲಕ್ಷ ಯೂನಿಟ್ಟಿಗೂ ಮೀರಿ ಕೊಟ್ಟಿದೆ. ಇಲ್ಲಿಯೂ ಪ್ರಾಮಾಣಿಕವಾಗಿ ಹೇಳುತ್ತೇನೆ: ವರ್ಷವಿಡೀ ಪೂರ್ಣ ವೇಗದಲ್ಲಿ ಓಡಿದ್ದರೆ ಒಂದೇ ವರ್ಷದಲ್ಲಿ ಸುಮಾರು ೨೬ ಲಕ್ಷ ಯೂನಿಟ್ಟು ಬರಬೇಕಾಗಿತ್ತು. ಕಡಲು ಹಾಗೆಲ್ಲ ಹೇಳಿದಂತೆ ಕೇಳುವುದಿಲ್ಲ. ಆದರೂ ಅವರು ಕೈಬಿಡಲಿಲ್ಲ. ಚಕ್ರ ಕೆಟ್ಟರೆ ಬಿಚ್ಚಿದರು, ಹೊಸ ಬಗೆಯದನ್ನು ಹಾಕಿ ನೋಡಿದರು. ಗೋಡೆಯ ವೆಚ್ಚ ಬಂದರಿನ ಲೆಕ್ಕಕ್ಕೆ, ಚಕ್ರದ ವೆಚ್ಚ ಮಾತ್ರ ವಿದ್ಯುತ್ತಿನ ಲೆಕ್ಕಕ್ಕೆ. ಬಿರುಗಾಳಿಯ ಹೊಡೆತವನ್ನು ತಾಳುವ ದೊಡ್ಡ ಅಡಿಗೆಮನೆಯನ್ನು ಬೇರೆಯವರು ಮೊದಲೇ ಕಟ್ಟಿಕೊಟ್ಟಂತೆ.

ಈಗ ಮರಳಿ ವಿಳಿಂಜಂಗೆ ಬನ್ನಿ. ಅಲ್ಲಿ ೨೦೧೫ರ ಕೊನೆಯಲ್ಲಿ ದೊಡ್ಡ ಹಡಗುಬಂದರಿನ ಕೆಲಸ ಶುರುವಾಯಿತು. ಅದಕ್ಕಾಗಿ ಸುಮಾರು ೩ ಕಿಲೋಮೀಟರ್ ಉದ್ದದ ಅಲೆತಡೆ ಗೋಡೆಯನ್ನು ಕಡಲಿಗೆ ಹಾಕಿದರು. ೨೦೨೫ರ ಮೇ ತಿಂಗಳಲ್ಲಿ ಪ್ರಧಾನಮಂತ್ರಿಗಳು ಬಂದರನ್ನು ಉದ್ಘಾಟಿಸಿದರು. ತೆರೆಯಿಂದ ವಿದ್ಯುತ್ ತೆಗೆದು ದೇಶಕ್ಕೆ ತೋರಿಸಿದ ಊರು; ಅದೇ ಊರಿನಲ್ಲಿ ೩ ಕಿಲೋಮೀಟರ್ ಗೋಡೆ; ಮುತ್ರಿಕುವಿನ ಮಾದರಿ ಕಣ್ಣ ಮುಂದೆ. ಆದರೂ ಗೋಡೆ ಎದ್ದದ್ದು ಬರಿಯ ಕಲ್ಲಿನ ರಾಶಿಯಾಗಿ. ತೆರೆ ಬಂದು ತಲೆ ಚಚ್ಚಿಕೊಂಡು ಹೋಗುತ್ತಿದೆ. ಹಿತ್ತಲ ಗಿಡ ಮದ್ದಲ್ಲ ಎಂಬ ಮಾತಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ನಮ್ಮ ಕರಾವಳಿಯಲ್ಲಿ ತಾನೇ ಏನಾಗುತ್ತಿದೆ? ಉಳ್ಳಾಲದಲ್ಲಿ, ಮರವಂತೆಯಲ್ಲಿ ಕಡಲ್ಕೊರೆತ ತಡೆಯಲೆಂದು ಕಲ್ಲು ಸುರಿದದ್ದನ್ನು ಊರಿಗೆ ಹೋದಾಗಲೆಲ್ಲ ನೋಡಿದ್ದೇವೆ. ಮಲ್ಪೆಯಲ್ಲಿ, ಗಂಗೊಳ್ಳಿಯಲ್ಲಿ ಬಂದರಿಗೆ ಅಲೆತಡೆ ಗೋಡೆಗಳಾದುವು. ಲಾರಿ ಬರುತ್ತದೆ, ಕಲ್ಲು ಬೀಳುತ್ತದೆ, ಬಿಲ್ಲು ಆಗುತ್ತದೆ. ಎಲ್ಲ ಗೋಡೆಯಲ್ಲೂ ಕೋಣೆ ಇಡಲು ಆಗುತ್ತದೆಂದು ನಾನು ಹೇಳುವುದಿಲ್ಲ. ಸ್ಕಾಟ್ಲೆಂಡಿನ ಪಡುವಣ ತೀರದ ತೆರೆಗಳಿಗೆ ಹೋಲಿಸಿದರೆ ನಮ್ಮವು ಬಡವು. ಮಳೆಗಾಲ ಕಳೆದರೆ ಇನ್ನೂ ಬಡವು. ಆದರೆ ಕಲ್ಲು ಹಾಕುವ ಮುನ್ನ, “ಇಲ್ಲಿ ಆಗುತ್ತದೆಯೇ?” ಎಂದು ಒಬ್ಬ ಇಂಜಿನಿಯರನು ಅಳೆದು ನೋಡಲಿ ಎಂದು ಕೇಳುವುದು ಅತಿಯಾಸೆಯೆ?

ಸರಕಾರಕ್ಕೆ ಇದೆಲ್ಲ ಗೊತ್ತಿಲ್ಲವೆಂದಲ್ಲ. ದೇಶದ ಕಡಲಿನ ತೆರೆಗಳಲ್ಲಿ ಸುಮಾರು ೪೧,೦೦೦ ಮೆಗಾವಾಟ್ ಶಕ್ತಿ ಇದೆಯೆಂದು ಸರಕಾರವೇ ಹೇಳಿಕೊಂಡಿದೆ. ಅದು ಪುಸ್ತಕದ ಲೆಕ್ಕ, ಕೈಗೆ ಬರುವಷ್ಟಲ್ಲ ಎಂದೂ ಒಪ್ಪಿಕೊಂಡಿದೆ. ೨೦೧೯ರಲ್ಲಿ ಕಡಲಿನ ಶಕ್ತಿಯನ್ನು ನವೀಕರಿಸಬಹುದಾದ ಶಕ್ತಿಗಳ ಪಟ್ಟಿಗೆ ಅಧಿಕೃತವಾಗಿ ಸೇರಿಸಿತು. ಪಟ್ಟಿಗೆ ಸೇರಿದ ಹೆಸರಿನಿಂದ ದೀಪ ಹತ್ತುವುದಿಲ್ಲ. ರೇಶನ್ ಕಾರ್ಡಿನಲ್ಲಿ ಹೆಸರಿದ್ದ ಮಾತ್ರಕ್ಕೆ ಚೀಲದಲ್ಲಿ ಅಕ್ಕಿ ಬಿದ್ದಂತಾಯಿತೆ?

ಇನ್ನು ಮುಂಬಯಿಯ ಒಪ್ಪಂದದ ಮಾತು. ಅದು ೧೦೦ ಕಿಲೋವಾಟಿನ ಪ್ರಯೋಗ. ಕಡಲಿನಲ್ಲಿ ಈಗಾಗಲೇ ನಿಂತಿರುವ ಕಟ್ಟೆಗೆ ತೇಲುವ ತೊಟ್ಟಿಗಳನ್ನು ಕಟ್ಟಿ, ಅವು ತೆರೆಯೊಡನೆ ಏರಿಳಿದಾಗ ಎಣ್ಣೆಯನ್ನು ಒತ್ತಿ, ಆ ಒತ್ತಡದಿಂದ ವಿದ್ಯುಜ್ಜನಕವನ್ನು ತಿರುಗಿಸುವ ಬಗೆ. ಒಳ್ಳೆಯ ಯೋಚನೆ, ಇಲ್ಲಿಯೂ ಇದ್ದ ಗೋಡೆಯನ್ನೇ ಉಪಯೋಗಿಸುತ್ತಾರೆ. ನಾನು ಹೊರದೇಶದ ವಿದ್ಯೆಯ ಶತ್ರುವಲ್ಲ. ವೆಲ್ಸರ ಚಕ್ರವಿಲ್ಲದೆ ವಿಳಿಂಜಂ ಇರಲಿಲ್ಲ. ವಿದ್ಯೆಗೆ ಜಾತಿಯಿಲ್ಲ, ದೇಶವಿಲ್ಲ. ಆದರೆ ಕೇಳಲೇಬೇಕಾದ ಪ್ರಶ್ನೆ ಇದೆ. ಈ ಪ್ರಯೋಗ ಮುಗಿದ ದಿನ ನಮ್ಮ ಕೈಯಲ್ಲಿ ಏನು ಉಳಿಯುತ್ತದೆ? ಬೀಗದ ಕೈ ಯಾರ ಬಳಿ ಇರುತ್ತದೆ? ಪಂಪು ಕೆಟ್ಟರೆ ಬಿಚ್ಚುವ ವಿದ್ಯೆ ನಮ್ಮ ಹುಡುಗರಿಗೆ ಬರುತ್ತದೆಯೆ, ಅಥವಾ ವಿಮಾನದಲ್ಲಿ ಮೆಕ್ಯಾನಿಕ್ ಬರುವ ತನಕ ಕಾಯಬೇಕೆ? ಭಾರತ್ ಪೆಟ್ರೋಲಿಯಂ ಎಂಬುದು ಸರಕಾರದ ಒಡೆತನದ ಸಂಸ್ಥೆ. ಅದರ ಹಣ ಜನರ ಹಣ. ಆದುದರಿಂದ ಕೇಳುವ ಹಕ್ಕು ನಮಗಿದೆ.

ಮತ್ತೊಂದು ಮಾತು. ಕಡಲು ಖಾಲಿ ಜಾಗವಲ್ಲ. ಅದು ಮೊಗವೀರರ, ಖಾರ್ವಿಗಳ, ಇಲ್ಲಿಯ ಕೋಳಿ ಬಂಧುಗಳ ಹೊಲ. ವಿಳಿಂಜಂನಲ್ಲಿ ೨೦೨೨ರಲ್ಲಿ ಮೀನುಗಾರರು ತಿಂಗಳುಗಟ್ಟಲೆ ಬಂದರಿನ ವಿರುದ್ಧ ಸತ್ಯಾಗ್ರಹ ಹೂಡಿದರು. ಕಡಲ್ಕೊರೆತದಲ್ಲಿ ಮನೆ ಕಳೆದುಕೊಂಡವರಿಗೆ ನೆಲೆ ಬೇಕೆಂದು ಕೇಳಿದರು. ತೆರೆಯ ಯಂತ್ರದ ಹೆಸರಿನಲ್ಲಿಯೂ ಅವರ ಬಲೆಯ ದಾರಿಯನ್ನು ಕೇಳದೆ ಕಟ್ಟಿದರೆ ಅದು ಹಸಿರು ಬಣ್ಣ ಬಳಿದ ಹಳೆಯ ಅನ್ಯಾಯವೇ ಸರಿ. ಗೋಡೆಯೊಳಗೆ ಕಟ್ಟುವ ಕೋಣೆ ಬಲೆಗೆ ಅಡ್ಡ ಬರುವುದಿಲ್ಲ ಎಂಬುದೂ ಆ ದಾರಿಯ ಒಂದು ಗುಣ.

ಆದುದರಿಂದ ನಮ್ಮ ಬೇಡಿಕೆಗಳು ಇವು.

ಒಂದು: ಜನರ ಹಣದಿಂದ ಯಾವ ಬಂದರಿನಲ್ಲಿ ಹೊಸ ಅಲೆತಡೆ ಗೋಡೆ ಕಟ್ಟಿದರೂ, ಕಲ್ಲು ಬೀಳುವ ಮೊದಲು ಅದರಲ್ಲಿ ವಿದ್ಯುತ್ ಕೋಣೆಗಳನ್ನು ಇಡಬಹುದೆ ಎಂದು ಪರಿಶೀಲಿಸಿ, ಫಲಿತಾಂಶವನ್ನು ಆಯಾ ನಾಡಿನ ಭಾಷೆಯಲ್ಲಿ ಪ್ರಕಟಿಸಬೇಕು. ಆಗದಿದ್ದರೆ ಏಕೆ ಆಗದೆಂದು ಹೇಳಬೇಕು.

ಎರಡು: ವಿಳಿಂಜಂ ಸ್ಥಾವರದಲ್ಲಿ ೧೯೯೧ರಿಂದ ೨೦೧೧ರ ವರೆಗೆ ಕಲಿತದ್ದನ್ನು, ಕೆಟ್ಟದ್ದು, ದುರಸ್ತಿಯಾದದ್ದು ಎಲ್ಲವನ್ನೂ, ಸರಳವಾದ ಪುಸ್ತಕವಾಗಿ ಕರಾವಳಿಯ ಐ.ಟಿ.ಐ.ಗಳಿಗೆ ಕೊಡಬೇಕು. ಜನರ ಹಣದಿಂದ ಕಲಿತ ಪಾಠ ಕಪಾಟಿನಲ್ಲಿ ಗೆದ್ದಲಿಗೆ ಹೋಗಕೂಡದು.

ಮೂರು: ಮುಂಬಯಿಯ ಪ್ರಯೋಗ ನಡೆದಾಗ ತಿಂಗಳಿಗೆ ಎಷ್ಟು ಯೂನಿಟ್ ಬಂತು, ಎಷ್ಟು ಖರ್ಚಾಯಿತು ಎಂಬುದನ್ನು ಬಹಿರಂಗಪಡಿಸಬೇಕು. ಅದನ್ನು ನಡೆಸುವ, ಬಿಚ್ಚಿ ಕಟ್ಟುವ ಕೆಲಸವನ್ನು ಇಲ್ಲಿಯ ಕಾರ್ಮಿಕರಿಗೆ ಕಲಿಸಬೇಕು. ಕಾಯಂ ಕೆಲಸ ಕೊಡಬೇಕು, ಗುತ್ತಿಗೆಯ ಕೂಲಿಯಲ್ಲ.

ನಾಲ್ಕು: ಎಲ್ಲಿಯೇ ಕಟ್ಟಲಿ, ಮೊದಲು ಮೀನುಗಾ­ರರನ್ನು ಕೇಳಬೇಕು. ಮೊದಲ ವಿದ್ಯುತ್ತು ಆ ಊರಿನ ಕುಡಿಯುವ ನೀರಿಗೆ, ಮಂಜುಗಡ್ಡೆಯ ಕಾರ್ಖಾನೆಗೆ, ದಕ್ಕೆಯ ದೀಪಕ್ಕೆ ಹೋಗಬೇಕು.

“ಹೋಟೆಲು ಕಾರ್ಮಿಕರಿಗೆ ಇದರ ಗೊಡವೆ ಏಕೆ? ಪಗಾರದ ಮಾತಾಡು” ಎಂದು ಕೆಲವರು ಕೇಳಿಯಾರು. ಪಗಾರದ ಮಾತನ್ನು ನಾವು ದಿನವೂ ಆಡುತ್ತಿದ್ದೇವೆ, ಬಿಡುವುದಿಲ್ಲ. ಆದರೆ ನಾವು ಊರು ಬಿಟ್ಟದ್ದು ಏತಕ್ಕೆ ಎಂದು ಒಮ್ಮೆ ಕೇಳಿಕೊಳ್ಳಿ. ದಂಡೆಯಲ್ಲಿ ಕೆಲಸವಿರಲಿಲ್ಲ. ಹದಿನಾಲ್ಕರ ಹುಡುಗನನ್ನು ಬಸ್ಸು ಹತ್ತಿಸಿದ ದಂಡೆಯ ಎದುರಿಗೇ ಆ ಶಕ್ತಿ ಹಗಲಿರುಳು ಬಡಿದುಕೊಂಡು ವ್ಯರ್ಥವಾಗುತ್ತಿತ್ತು. ಒಂದು ಬಂದರಿನ ಗೋಡೆಯಲ್ಲಿ ನಾಲ್ಕು ಚಕ್ರ ತಿರುಗಿದರೆ, ಅದನ್ನು ನೋಡಿಕೊಳ್ಳಲು ಊರಿನ ನಾಲ್ಕು ಹುಡುಗರು ಬೇಕು. ಆ ನಾಲ್ವರು ಇಲ್ಲಿ ಬಂದು ಟಬ್ಬಿನಲ್ಲಿ ಕೈ ನೆನೆಸಬೇಕಾಗಿಲ್ಲ. ಇದು ಪಗಾರದ ಮಾತಲ್ಲದೆ ಮತ್ತೇನು?

ಸಂಘದ ಮುಂದಿನ ಸಭೆಯಲ್ಲಿ ಈ ನಾಲ್ಕು ಬೇಡಿಕೆಗಳನ್ನು ನಿರ್ಣಯವಾಗಿ ಮಂಡಿಸುತ್ತೇನೆ. ಬನ್ನಿರಿ, ವಿರೋಧವಿದ್ದವರು ವಿರೋಧಿಸಿರಿ. ಆದರೆ ನಕ್ಕು ಎದ್ದುಹೋಗಬೇಡಿರಿ. ತೆರೆಯ ವಿದ್ಯುತ್ತೆಂದರೆ ನಗುವುದನ್ನು ನಮಗೆ ಕಲಿಸಿದವರೇ ವಿಳಿಂಜಂನ ಚಕ್ರವನ್ನು ನಿಲ್ಲಿಸಿದ್ದು.